ಬೀಜ ಹಂಚಿದವನ ಲೆಕ್ಕ

ಪುಕ್ಕಟೆ ಕೊಟ್ಟದ್ದೆಲ್ಲಾ ದಾನ ಆಗತದೇನು? ಹೋದ ತಿಂಗಳು ನಮ್ಮ ವಾಚನಾಲಯದಾಗ ಶಾಲೆಯ ಗುರುಗಳು ಫ್ರಾನ್ಸ್ ದೇಶದ ಒಂದು ಕಂಪನಿಯ ಸುದ್ದಿ ಓದಿ ಹೇಳಿದರು. ಅವತ್ತಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ನಾನು ಏಳನೇ ಇಯತ್ತೆ ಕಲಿತ ಒಕ್ಕಲಿಗ, ಹಾಡು ಹೇಳಾಂವ. ತಿಳಿದಷ್ಟು ಬರೀತೀನಿ.

ಕಂಪನಿಯ ಹೆಸರು ಮಿಸ್ಟ್ರಲ್. ಆ ದೇಶದ ದಕ್ಷಿಣ ಭಾಗದಾಗ ಬೀಸುವ ಥಂಡಿ ಗಾಳಿಗೆ ಆ ಹೆಸರು. 2023ರ ಏಪ್ರಿಲ್‌ದಾಗ ಪ್ಯಾರಿಸ್‌ನ್ಯಾಗ ಮೂವರು ಕೂಡಿ ತೆಗೆದರು. ಒಬ್ಬ ಗೂಗಲ್‌ದವರ ಕಡೆ ದುಡಿದಾಂವ, ಇಬ್ಬರು ಫೇಸ್‌ಬುಕ್ಕಿನ ಒಡೆಯ ಮೆಟಾದವರ ಕಡೆ ದುಡಿದವರು. ಕೇಳಿದ್ದಕ್ಕ ಉತ್ತರ ಬರೆಯುವ ಯಂತ್ರ ಮಾಡೂದು ಅವರ ಉದ್ಯೋಗ, ಕೃತಕ ಬುದ್ಧಿಮತ್ತೆ ಅಂತಾರಲ್ಲ, ಅದು. ಎದುರಿಗೆ ನಿಂತವರು ಅವರ ಹಳೇ ಧಣಿಗಳೇ, ಜೋಡಿಗೆ ಮೈಕ್ರೋಸಾಫ್ಟ್ ಬೆನ್ನಿಗಿದ್ದ ಓಪನ್‌ಎಐ. ಇವರೇನು ಬಡವರಲ್ಲ, ಎರಡು ತಿಂಗಳ ಕೂಸಿಗೆ 10.5 ಕೋಟಿ ಯೂರೊ ಬಂಡವಾಳ ಬಂತು. ಆದರ ಆ ಧಣಿಗಳ ಕಣಜದ ಮುಂದ ಅದು ಒಂದು ಹಿಡಿ ಕಾಳು.

ಸೆಪ್ಟೆಂಬರ್‌ದಾಗ ಅವರು ಏನು ಮಾಡಿದರು ಕೇಳ್ರಿ. ಯಂತ್ರ ಕಲಿತದ್ದೆಲ್ಲಾ ಅಂಕಿಗಳಾಗಿ ಕೂತಿರತದಂತ, ಇವರದರಾಗ 700 ಕೋಟಿಗೂ ಹೆಚ್ಚು ಅಂಕಿ. ಆ ಗಂಟನ್ನೇ ಅಂತರ್ಜಾಲದಾಗ ಇಟ್ಟು, ಯಾರರ ಒಯ್ಯಿರಿ, ಬದಲು ಮಾಡಿಕೊಳ್ಳಿರಿ, ವ್ಯಾಪಾರಕ್ಕ ಹಚ್ಚಿದರೂ ನಡೀತದ ಅಂದರು.

ಜತ್ತ ಸೀಮೆಯ ರೈತನಿಗೆ ಇದು ಲಗೂ ತಿಳೀತದ. ಮಾಲದಂಡಿ ಜೋಳದ ಚಲೋ ತೆನಿ ಆರಿಸಿ ಇಟ್ಟರ ಮುಂದಿನ ವರ್ಷದ ಬಿತ್ತಿಗಿ ಆತು. ಹೈಬ್ರಿಡ್ ಬೀಜ ಹಂಗಲ್ಲ, ವರ್ಷಾ ಅಂಗಡಿ ಮೆಟ್ಟಲಾ ಹತ್ತಬೇಕು. ಓಪನ್‌ಎಐದವರ ಯಂತ್ರ ಆವಾಗ ಹೈಬ್ರಿಡ್ ಇತ್ತು. ಬೀಜ ಅವರ ಕಣಜದಾಗೇ ಇರತಿತ್ತು. ಮಿಸ್ಟ್ರಲ್‌ದವರು ಮಾಲದಂಡಿ ಹಂಚಿದರು. ಮೆಟಾದವರೂ ಅದೇ ವರ್ಷ ಜುಲೈದಾಗ ಲಾಮಾ ಅನ್ನೂದನ್ನ ಹಂಚಿದ್ದರು, ಆದರ ತಿಂಗಳಿಗೆ 70 ಕೋಟಿಗಿಂತ ಹೆಚ್ಚು ಮಂದಿ ಬಳಸುವ ಕಂಪನಿ ಬ್ಯಾರೆ ಅಪ್ಪಣೆ ಕೇಳಬೇಕು ಅಂತ ಕರಾರು ಇತ್ತು. ಜಾಹೀರಾತಿನ ಗಳಿಕಿ ಇದ್ದಾಂವಗ ಜೋಳ ಹಂಚೂದು ಸಲೀಸು ಬಿಡ್ರಿ.

ಹಂಚಿದ್ದರಿಂದ ಮಿಸ್ಟ್ರಲ್ ಹೆಸರಾತು. 2024ರ ಫೆಬ್ರುವರಿದಾಗ ದೊಡ್ಡ ಯಂತ್ರ ತಂದರು. ಅದನ್ನ ಹಂಚಲಿಲ್ಲ, ಮಾರಾಕ ಇಟ್ಟರು. ಮೈಕ್ರೋಸಾಫ್ಟ್ ಜೋಡಿ ಒಪ್ಪಂದಾನೂ ಆತು. ಇದನ್ನ ಕೇಳಿ ನಮ್ಮ ಕಟ್ಟಿ ಮ್ಯಾಲೆ ಒಬ್ಬರು ಅಂದರು, “ಹಂಗಾರ ಮೊದಲು ಕೊಟ್ಟದ್ದು ಗಾಳದ ಹುಳ.”

ಅವತ್ತು ರಾತ್ರಿ ನನಗೂ ಹಂಗೇ ಅನಿಸಿತು. ಬೆಳಿಗ್ಗೆ ನೀರು ಹಾಯಿಸುವಾಗ ವಿಚಾರ ತಿರುಗಿತು. ಚುನಾವಣಿ ಊಟ ಹಾಕಿದಾಂವ ಮುಂದ ಮನಿಗೆ ಬಂದು ನೆನಪು ಮಾಡತಾನ. ಇವರು ಕೊಟ್ಟ ಬೀಜ ತಿರುಗಿ ಕಸಗೊಳ್ಳಾಕ ಬರೂದಿಲ್ಲ, ಹಂಗಂತ ಬರೆದೇ ಕೊಟ್ಟಾರ. ಒಳಗಿನ ಮನಸು ಅಳೆಯೂ ಸೇರು ನನ್ನ ಕಡೆ ಇಲ್ಲ. ಲಾಭಕ್ಕ ಕೊಟ್ಟರೂ ಕೈ ಬಿಟ್ಟು ಕೊಟ್ಟದ್ದು ಕೊಟ್ಟದ್ದೇ ಅಂತೀನಿ ನಾನು.

ನನಗ ಚುಚ್ಚೂದು ಬ್ಯಾರೇನೇ ಅದ. ಆ ಬೀಜ ಯಾರ ಹೊಲದ್ದು? ಯಂತ್ರ ಕಲಿತದ್ದು ಮಂದಿ ಬರೆದ ಮಾತಿನಿಂದ. ಏನೇನು ಓದಿಸಿದಿವಿ ಅಂತ ಇವರು ಬಿಚ್ಚಿ ಹೇಳಲಿಲ್ಲ. ಮೂವತ್ತು ವರ್ಷದ ಹಿಂದ ಒಂದು ಕ್ಯಾಸೆಟ್ ಕಂಪನಿಯವರು ನಮ್ಮ ಮೇಳದ ಹಾಡು ತುಂಬಿಕೊಂಡು ಹೋಗಿ, ಮ್ಯಾಲೆ ಬ್ಯಾರೇವರ ಹೆಸರು ಹಾಕಿದರು. ಎರಡು ದಿನ ಉಂಡಿರಲಿಲ್ಲ ನಾನು. ಆದರ ಆ ಹಾಡು ನನ್ನವೇ ಏನು? ನನ್ನ ಗುರು ಕೊಟ್ಟದ್ದು, ಅವರಿಗೆ ಅವರ ಗುರು. ನಾನೂ ಯಾರ ಅಪ್ಪಣೆ ಕೇಳಿ ನುಡಿ ತಿದ್ದಿದ್ದೆ? ಹಂಗಿದ್ದರೂ ಒಂದು ಮಾತು ಕೇಳಿದ್ದರ ಕೊಡತಿದ್ದೆ ಅಂತ ಇವತ್ತೂ ಅನಿಸತದ.

ಈಗ ಗುರುಗಳು ಕೇಳಾಕ ಹತ್ಯಾರ. ನಮ್ಮ ಗಡಿಸೀಮೆಯ ಮಾತೂ ಈ ಯಂತ್ರದಾಗ ಇರಲಿ, ನಿಮ್ಮ ಪದ ಬರೆಸಿರಿ, ಯಾರು ಬೇಕಾದರೂ ಒಯ್ಯುವಂಗ ಇಡೂನು ಅಂತಾರ. ಡೊಳ್ಳಿನ ಪದ, ಗೀಗೀ ಪದ ಕೂಡಿ ಹದಿನಾಲ್ಕು ಬರೆಸೀನಿ. ಒಂದು ಹರದೇಶಿ ಪದ ಮಾತ್ರ ಇಟ್ಟುಕೊಂಡೀನಿ. ಎದುರಿನ ನಾಗೇಶಿ ಮೇಳ ನಮಗಿಂತ ದೊಡ್ಡದು, ಅದರ ಬಾಯಿ ಕಟ್ಟೂದು ಆ ಪದ ಒಂದೇ.

“ಕಾಕಾ, ನೀವೂ ಮಿಸ್ಟ್ರಲ್ ಆದ್ರಲ್ಲ” ಅಂತ ಗುರುಗಳು ನಕ್ಕರು. ಈ ಜಾತ್ರಿ ಒಂದು ದಾಟಲಿ, ನೋಡೂನು ಅಂದೀನಿ.