‘ಬೆಳೆಯ ಸಿರಿ ಮೊಳಕೆಯಲ್ಲಿ ನೋಡು’: ಒಂದು ವ್ಯಾಖ್ಯಾನ

‘ಬೆಳೆಯ ಸಿರಿ ಮೊಳಕೆಯಲ್ಲಿ ನೋಡು’ ಎಂಬ ಗಾದೆ ಈಗ ಹೊಲಕ್ಕಿಂತ ಆಟದ ಬಯಲಿನಲ್ಲೇ ಹೆಚ್ಚು ಕೇಳಿಬರುತ್ತದೆ. 2024ರ ಸೆಪ್ಟೆಂಬರ್ 14ರಂದು ಕಂಠೀರವ ಕ್ರೀಡಾಂಗಣದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಬೆಂಗಳೂರು ಎಫ್‌ಸಿ ಗೆದ್ದದ್ದು ಒಂದೇ ಗೋಲಿನಿಂದ. ಹೊಡೆದವರು ಬೆಂಗಳೂರಿನವರೇ ಆದ, ಹತ್ತೊಂಬತ್ತರ ವಿನೀತ್ ವೆಂಕಟೇಶ್. ಅಂಥ ರಾತ್ರಿಗಳಲ್ಲಿ ಈ ಗಾದೆ ತಾನಾಗಿ ನಾಲಿಗೆಯ ತುದಿಗೆ ಬರುತ್ತದೆ. ಆರು ತಿಂಗಳ ನಂತರ, 2025ರ ಮಾರ್ಚ್ 19ರಂದು, ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ಭಾರತದ ಪರವಾಗಿ ತಲೆಯಿಂದ ಗೋಲು ಹೊಡೆದವರು ಸುನಿಲ್ ಚೆಟ್ರಿ. ಅವರಿಗೆ ಆಗ 40 ವರ್ಷ. 2024ರ ಜೂನ್‌ನಲ್ಲೇ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿ, ಮತ್ತೆ ಕರೆಸಿಕೊಂಡು ಬಂದವರು. ಚಪ್ಪಾಳೆ ಮೊಳಕೆಗೆ, ಫಸಲಿಗೆ ಮಾತ್ರ ಹಳೆಯ ಮರ. ಗಾದೆ ಸುಳ್ಳಾಯಿತೇ, ಅಥವಾ ಅದನ್ನು ಓದಿದ್ದು ತಪ್ಪಾಯಿತೇ ಎಂಬ ಪ್ರಶ್ನೆ ಇಲ್ಲಿಂದಲೇ ಏಳುತ್ತದೆ.

ಗಾದೆಗೆ ರೂಢಿಯಲ್ಲಿ ಎರಡು ಅರ್ಥಗಳಿವೆ. ಮೊದಲನೆಯದು ಹಣೆಬರಹದ ಅರ್ಥ: ದೊಡ್ಡವನಾಗುವವನು ಹುಟ್ಟುವಾಗಲೇ ಹಾಗೆ ಹುಟ್ಟುತ್ತಾನೆ, ಉಳಿದವರು ಏನು ಮಾಡಿದರೂ ಅಷ್ಟೇ. ಇದು ಸೋಮಾರಿಗಳ ವ್ಯಾಖ್ಯಾನ. ಎಲ್ಲವೂ ಬೀಜದಲ್ಲೇ ತೀರ್ಮಾನವಾಗಿದ್ದರೆ ‘ನೋಡು’ ಎನ್ನುವ ಅಗತ್ಯವೇ ಗಾದೆಗೆ ಇರಲಿಲ್ಲ. ಎರಡನೆಯದು ಅವಸರದ ಅರ್ಥ: ಮೊಳಕೆಯಲ್ಲೇ ಸಿರಿ ಕಾಣಬೇಕು, ಆದ್ದರಿಂದ ಎಂಟು ವರ್ಷದ ಮಗುವನ್ನು ಬೆಳಗ್ಗೆ ಐದಕ್ಕೆ ಎಬ್ಬಿಸಿ ತರಬೇತಿ ಶಿಬಿರಕ್ಕೆ ಅಟ್ಟಬೇಕು. ಮೊಳಕೆಯನ್ನು ಎಳೆದು ಉದ್ದ ಮಾಡಿದ ರೈತ ಯಾವ ಊರಿನಲ್ಲೂ ಇಲ್ಲ.

ಗಾದೆಯ ಭಾರವೆಲ್ಲ ಇರುವುದು ಕೊನೆಯ ಕ್ರಿಯಾಪದದ ಮೇಲೆ. ‘ನೋಡು’ ಎಂಬುದು ಸಸಿಗೆ ಹೇಳಿದ ಮಾತಲ್ಲ, ಬೇಸಾಯಗಾರನಿಗೆ ಕೊಟ್ಟ ಕೆಲಸ. ಅದೂ ‘ಬೆಳೆಯನ್ನು ನೋಡು’ ಎಂದಿಲ್ಲ, ‘ಸಿರಿ’ಯನ್ನು ನೋಡು ಎಂದಿದೆ. ಮೊಳಕೆಯಲ್ಲಿ ಕಾಣುವುದು ಕಸುವು, ಕಾಯಿ ಅಲ್ಲ. ಕಸುವನ್ನು ಗುರುತಿಸಿದವನ ಮೇಲೆ ಮುಂದಿನ ಎಲ್ಲ ಹೊಣೆಯೂ ಬೀಳುತ್ತದೆ. ಈ ಅರ್ಥವನ್ನು ಪರೀಕ್ಷಿಸಲು ಅರಸೀಕೆರೆಯ ಸೀಮೆಗಿಂತ ಒಳ್ಳೆಯ ಜಾಗವಿಲ್ಲ, ಏಕೆಂದರೆ ಅದು ತೆಂಗಿನ ಸೀಮೆ, ಮತ್ತು ತೆಂಗಿನಲ್ಲಿ ಈ ಗಾದೆ ಅಕ್ಷರಶಃ ಒಂದು ಕಸುಬು.

ಬಿತ್ತನೆ ಕಾಯಿಯನ್ನು ಪಾತಿಯಲ್ಲಿ ಇಟ್ಟ ಮೇಲೆ ಐದಾರು ತಿಂಗಳೊಳಗೆ ಮೊಳೆಯದಿದ್ದರೆ ಅದನ್ನು ಕಿತ್ತು ಹಾಕುತ್ತಾರೆ. ಮೊಳೆತವುಗಳಲ್ಲೂ ಎಲ್ಲವೂ ತೋಟಕ್ಕೆ ಹೋಗುವುದಿಲ್ಲ. ಒಂಬತ್ತರಿಂದ ಹನ್ನೆರಡು ತಿಂಗಳ ಸಸಿಯಲ್ಲಿ ಆರೆಂಟು ಗರಿ ಇರಬೇಕು, ಬುಡದ ಸುತ್ತಳತೆ ಸುಮಾರು 10 ಸೆಂಟಿಮೀಟರ್ ಇರಬೇಕು, ಗರಿ ಬೇಗ ಸೀಳಿಕೊಂಡಿರಬೇಕು. ಹೊಸಬನ ಕಣ್ಣು ಮೊದಲು ಹೋಗುವುದು ಎತ್ತರದ ಸಸಿಯ ಮೇಲೆ. ಅನುಭವಿ ಅದನ್ನು ನಂಬುವುದಿಲ್ಲ. ದಟ್ಟ ನೆರಳಿನಲ್ಲಿ ಸಸಿ ಬಿಸಿಲು ಹುಡುಕುತ್ತ ಸುಮ್ಮನೆ ಉದ್ದವಾಗುತ್ತದೆ. ಅವನ ಕೈ ಹೋಗುವುದು ಬುಡಕ್ಕೆ. ಆಯ್ದ ಸಸಿಗೂ ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿ, ಬೇಸಗೆಯ ನೀರು, ಮೊದಲ ವರ್ಷಗಳ ನೆರಳು ಬೇಕು. ಎತ್ತರದ ತಳಿಯ ಹೊಂಬಾಳೆ ಕಾಣಲು ಆರೇಳು ವರ್ಷ ಕಾಯಬೇಕು. ಸಸಿಯನ್ನು ಆಯ್ದ ದಿನವೇ ಕೊಬ್ಬರಿಯ ಲೆಕ್ಕ ಹಾಕುವವನನ್ನು ಆ ಸೀಮೆಯಲ್ಲಿ ಯಾರೂ ಬೇಸಾಯಗಾರ ಎನ್ನುವುದಿಲ್ಲ.

ಫುಟ್‌ಬಾಲಿನಲ್ಲಿ ಆ ಲೆಕ್ಕ ದಿನವೂ ನಡೆಯುತ್ತದೆ, ಅದರಲ್ಲೂ ಫಾರ್ವರ್ಡ್ ಆಟಗಾರನ ವಿಷಯದಲ್ಲಿ. ಡಿಫೆಂಡರ್ ಹತ್ತು ಪಂದ್ಯ ತಪ್ಪಿಲ್ಲದೆ ಆಡಿದರೂ ಅದು ಯಾವ ಪಟ್ಟಿಗೂ ಏರುವುದಿಲ್ಲ. ಫಾರ್ವರ್ಡ್‌ನ ಗೋಲನ್ನು ಮಾತ್ರ ಎಣಿಸಲು ಬರುತ್ತದೆ. ಆದ್ದರಿಂದ ಅವನ ಮೊಳಕೆ ಎಲ್ಲರಿಗಿಂತ ಮೊದಲು ಕಣ್ಣಿಗೆ ಬೀಳುತ್ತದೆ, ಎಲ್ಲರಿಗಿಂತ ಮೊದಲು ಬಾಡಿದಂತೆಯೂ ಕಾಣುತ್ತದೆ. ಗೋಲು ಸಸಿಯ ಎತ್ತರವಿದ್ದಂತೆ. ಬುಡದ ಸುತ್ತಳತೆ ಬೇರೆ ಕಡೆ ಇದೆ: ಚೆಂಡು ಬರುವ ಮೊದಲೇ ಹೆಗಲ ಹಿಂದೆ ತಿರುಗಿ ನೋಡುವ ಅಭ್ಯಾಸ, ಆಫ್‌ಸೈಡ್ ಆಗದಂತೆ ಓಟ ಆರಂಭಿಸುವ ಕ್ಷಣ, ಡಿಫೆಂಡರ್‌ನ ಕಣ್ಣಿಗೆ ಬೀಳದ ಬದಿಯನ್ನು ಹಿಡಿಯುವ ಜಾಣ್ಮೆ, ಬಾರದ ಕಾಲಿನಿಂದಲೂ ಒದೆಯುವ ಧೈರ್ಯ, ಚೆಂಡು ಕಳೆದುಕೊಂಡ ಕೂಡಲೇ ಬೆನ್ನು ಹತ್ತುವ ಛಲ. ಇವನ್ನು ಕಾಣಲು ಚೆಂಡನ್ನು ಬಿಟ್ಟು ಹುಡುಗನನ್ನು ನೋಡಬೇಕು.

ಈ ಮಾತಿಗೆ ಹತ್ತಿರದ ಉದಾಹರಣೆ ಶಿವಶಕ್ತಿ ನಾರಾಯಣನ್. 2001ರಲ್ಲಿ ತಮಿಳುನಾಡಿನಲ್ಲಿ ಹುಟ್ಟಿ, ಬೆಂಗಳೂರು ಎಫ್‌ಸಿಯ ಮೀಸಲು ತಂಡದಲ್ಲಿ ಆಡಿ, ಅಲ್ಲಿಂದ ಹಿರಿಯರ ತಂಡಕ್ಕೆ ಬಂದವರು. 2022ರ ಸೆಪ್ಟೆಂಬರ್ 18ರಂದು ಕೋಲ್ಕತ್ತಾದಲ್ಲಿ ನಡೆದ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಸಿಟಿ ವಿರುದ್ಧ ಮೊದಲ ಗೋಲು ಅವರದೇ. ಪಂದ್ಯ 2–1ರಿಂದ ಬೆಂಗಳೂರಿನದಾಯಿತು. ಆ ಋತುವಿನ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್‌ನಲ್ಲಿ 6 ಗೋಲು ಹೊಡೆದು ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು. ಋತುವಿನ ಕೊನೆಗೆ ತಂಡ ಸತತ ಎಂಟು ಪಂದ್ಯ ಗೆದ್ದಾಗ ಫಾರ್ವರ್ಡ್ ರಾಯ್ ಕೃಷ್ಣ ಜೊತೆ ಆರಂಭದಿಂದ ಆಡುತ್ತಿದ್ದವರು ಶಿವಶಕ್ತಿ. ಚೆಟ್ರಿ ಬದಲಿ ಆಟಗಾರನಾಗಿ ಬೆಂಚಿನಲ್ಲಿ ಕೂತಿದ್ದರು. 2023ರ ಮಾರ್ಚ್ 18ರ ಫೈನಲ್‌ನಲ್ಲಿ ಆಟ ಆರಂಭವಾದ ಕೆಲವೇ ನಿಮಿಷಗಳಲ್ಲಿ ಶಿವಶಕ್ತಿ ಗಾಯಗೊಂಡು ಹೊರಬಂದರು, ಅವರ ಜಾಗಕ್ಕೆ ಚೆಟ್ರಿ ಇಳಿದರು. ಎಟಿಕೆ ಮೋಹನ್ ಬಾಗಾನ್ ಪೆನಾಲ್ಟಿಯಲ್ಲಿ ಗೆದ್ದಿತು.

ಮುಂದಿನ ಋತುವಿಗೆ ರಾಯ್ ಕೃಷ್ಣ ಒಡಿಶಾ ತಂಡಕ್ಕೆ ಹೋದರು. ಬೆಂಗಳೂರು 12 ತಂಡಗಳಲ್ಲಿ 10ನೆಯದಾಗಿ ಮುಗಿಸಿತು. ‘ಆ ಹುಡುಗ ಎಲ್ಲಿ ಹೋದ’ ಎಂದು ಕೇಳುವವರು ಗುಂಡಿ, ನೀರು, ನೆರಳು ಮೂರೂ ಬದಲಾಗಿದ್ದನ್ನು ಗಮನಿಸುವುದಿಲ್ಲ. ಹೊಸ ಫಾರ್ವರ್ಡ್‌ಗೆ ಮೊದಲ ಋತುವಿನಲ್ಲಿ ಒಂದು ಅನುಕೂಲ ಇರುತ್ತದೆ: ಎದುರಾಳಿಗೆ ಅವನ ಪರಿಚಯವಿಲ್ಲ. ಎರಡನೆಯ ಋತುವಿಗೆ ಎಲ್ಲ ಕೋಚ್‌ಗಳ ಬಳಿಯೂ ಅವನ ಓಟದ ವಿಡಿಯೊ ಇರುತ್ತದೆ. ಯಾವ ಬದಿಗೆ ತಿರುಗುತ್ತಾನೆ, ಎಲ್ಲಿ ಚೆಂಡು ಕೇಳುತ್ತಾನೆ ಎಂಬುದು ಡಿಫೆಂಡರ್‌ಗೆ ಬಾಯಿಪಾಠ. ಹಳೆಯ ಉಪಾಯ ನಡೆಯದ ಆ ವರ್ಷವೇ ಹುಡುಗ ಹೊಸದನ್ನು ಕಲಿಯಬೇಕಾದ ವರ್ಷ. ಆಗಲೇ ಅವನನ್ನು ಹೊರಗೆ ಕೂರಿಸಿದರೆ ಪರೀಕ್ಷೆಯ ದಿನ ಶಾಲೆ ಬಿಡಿಸಿದಂತೆ.

ಇಲ್ಲಿ ಬೇಲೂರಿನ ಮಲೆನಾಡ ಅಂಚಿನ ಗದ್ದೆ ಇನ್ನೊಂದು ಪಾಠ ಹೇಳುತ್ತದೆ. ಭತ್ತದ ಸಸಿಯನ್ನು ಮೂರು ವಾರದ ಆಸುಪಾಸಿನಲ್ಲಿ ಕಿತ್ತು ನಾಟಿ ಮಾಡಬೇಕು. ಮಳೆ ತಡವಾಗಿ ಸಸಿ ಮಡಿಯಲ್ಲೇ ಬಲಿತರೆ ನಾಟಿಯ ನಂತರ ತೆಂಡೆ ಒಡೆಯುವುದು ಕಡಿಮೆ. ಮಡಿಯಲ್ಲಿ ಎಷ್ಟೇ ಹಸಿರಾಗಿದ್ದರೂ ಆ ನಷ್ಟ ತುಂಬುವುದಿಲ್ಲ. ಐಎಸ್‌ಎಲ್‌ನಲ್ಲಿ ಒಮ್ಮೆಗೆ ನಾಲ್ವರು ವಿದೇಶಿ ಆಟಗಾರರು ಮೈದಾನದಲ್ಲಿ ಇರಬಹುದು, ಮತ್ತು ಕ್ಲಬ್‌ಗಳು ವಿದೇಶಿಯರಿಗೆ ಮೊದಲು ಕೊಡುವ ಜಾಗ ಎದುರಾಳಿ ಗೋಲಿನ ಮುಂದಿನದು. ಹೀಗಾಗಿ ಭಾರತೀಯ ಫಾರ್ವರ್ಡ್ ಇಪ್ಪತ್ತೆರಡು, ಇಪ್ಪತ್ಮೂರರವರೆಗೂ ಕೊನೆಯ ಹದಿನೈದು ನಿಮಿಷಗಳ ಆಟಗಾರನಾಗಿ, ಇಲ್ಲವೇ ಮೈದಾನದ ಅಂಚಿಗೆ ತಳ್ಳಲ್ಪಟ್ಟವನಾಗಿ ಮಡಿಯಲ್ಲೇ ಬಲಿಯುತ್ತಾನೆ. ನಲವತ್ತರ ಆಟಗಾರನನ್ನು ರಾಷ್ಟ್ರೀಯ ತಂಡ ಮರಳಿ ಕರೆದದ್ದು ಚೆಟ್ರಿಯವರ ಹಿರಿಮೆಗೆ ಸಾಕ್ಷಿಯಾದಷ್ಟೇ ಸಕಾಲಕ್ಕೆ ಆಗದ ನಾಟಿಗೂ ಸಾಕ್ಷಿ.

ಚೆಟ್ರಿಯವರ ಆರಂಭವೇ ಈ ವ್ಯಾಖ್ಯಾನಕ್ಕೆ ಗಟ್ಟಿ ಆಧಾರ. 2002ರಲ್ಲಿ ಮೋಹನ್ ಬಾಗಾನ್ ಸೇರಿದಾಗ ಅವರಿಗೆ ಇನ್ನೂ ಹದಿನೆಂಟು ತುಂಬುವ ಹೊತ್ತು. ಅಲ್ಲಿದ್ದ ಮೂರು ಋತುಗಳಲ್ಲಿ ಅವರ ಲೀಗ್ ಗೋಲುಗಳು ಎರಡಂಕಿ ಮುಟ್ಟಲಿಲ್ಲ. 2005ರ ಜೂನ್ 12ರಂದು ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಮೊದಲ ಅಂತರರಾಷ್ಟ್ರೀಯ ಪಂದ್ಯ, ಅದರಲ್ಲೇ ಮೊದಲ ಗೋಲು. ಜೆಸಿಟಿ ಕ್ಲಬ್ಬಿಗೆ ಹೋದ ಮೇಲೆ ನಿಯಮಿತವಾಗಿ ಆಡಲು ಸಿಕ್ಕಿತು, ಗೋಲುಗಳೂ ಬಂದವು. 2009ರಲ್ಲಿ ಇಂಗ್ಲೆಂಡಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಒಪ್ಪಂದಕ್ಕೆ ಬಂದಾಗ ಕೆಲಸದ ಪರವಾನಗಿ ಸಿಗಲಿಲ್ಲ. ಭಾರತದ ಫಿಫಾ ರ‍್ಯಾಂಕಿಂಗ್ ಅಲ್ಲಿನ ನಿಯಮಕ್ಕಿಂತ ಬಹಳ ಕೆಳಗಿತ್ತು. 2010ರ ಅಮೆರಿಕದ ಕಾನ್ಸಾಸ್ ಸಿಟಿ ಕ್ಲಬ್, 2012ರ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿನ ಮೀಸಲು ತಂಡ, ಎರಡೂ ಕಡೆ ಆಡಿದ್ದು ಬೆರಳೆಣಿಕೆಯಷ್ಟು. 2013ರಲ್ಲಿ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿಗೆ ಬಂದಾಗ ವಯಸ್ಸು 29ರ ಆಸುಪಾಸು. ಆ ಮೊದಲ ಋತುವಿನಲ್ಲೇ ಕ್ಲಬ್ ಐ-ಲೀಗ್ ಗೆದ್ದಿತು. 2004ರಲ್ಲಿ ಗೋಲು ಎಣಿಸಿ ತೀರ್ಪು ಕೊಟ್ಟಿದ್ದರೆ ಈ ಯಾವುದೂ ನಡೆಯುತ್ತಿರಲಿಲ್ಲ.

ಅರಸೀಕೆರೆ ತಾಲ್ಲೂಕಿನ ಸ್ವಂತ ಆಟಗಾರರು ಫುಟ್‌ಬಾಲಿನವರಲ್ಲ, ಕ್ರಿಕೆಟಿನ ಇಬ್ಬರು ವೇಗದ ಬೌಲರ್‌ಗಳು. ಗಾದೆಗೆ ಮಾತ್ರ ಅವರಿಬ್ಬರೂ ಹೇಳಿ ಮಾಡಿಸಿದಂತಿದ್ದಾರೆ. ಜಾವಗಲ್ ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಾದರೂ ಹೆಸರು ಹೊತ್ತದ್ದು ಈ ತಾಲ್ಲೂಕಿನ ಜಾವಗಲ್ಲಿನದು. 1989ರಲ್ಲಿ ಹೈದರಾಬಾದ್ ವಿರುದ್ಧದ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ಪಡೆದರು, 1991ರಲ್ಲಿ ಆಸ್ಟ್ರೇಲಿಯಾದಲ್ಲಿ ಟೆಸ್ಟ್‌ಗೆ ಬಂದರು. ತವರಿನ ನೆಲದಲ್ಲಿ ಟೆಸ್ಟ್ ಆಡಲು ಮಾತ್ರ 1994ರವರೆಗೆ ಕಾಯಬೇಕಾಯಿತು. ಕಾದದ್ದಕ್ಕೆ 236 ವಿಕೆಟ್‌ಗಳ ಫಸಲು ಬಂತು. ಅರಸೀಕೆರೆಯಲ್ಲೇ 1971ರಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್ 1995–96ರ ರಣಜಿಯಲ್ಲಿ ಕೇರಳದ ವಿರುದ್ಧ 152 ರನ್ನಿಗೆ 10 ವಿಕೆಟ್ ಕಿತ್ತವರು. ಗಾಯಗೊಂಡ ಶ್ರೀನಾಥ್ ಬದಲಿಗೆ 1996ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಮೊದಲ ಟೆಸ್ಟ್ ಆಡಿದರು, ಡಿಸೆಂಬರ್‌ನಲ್ಲಿ ಡರ್ಬನ್‌ನಲ್ಲಿ ಎರಡನೆಯದು. ಒಟ್ಟು 3 ವಿಕೆಟ್, ಅಲ್ಲಿಗೆ ಮುಗಿಯಿತು. ಇಪ್ಪತ್ತೈದರ ವೇಗಿಯನ್ನು ಎರಡು ಪಂದ್ಯಗಳಲ್ಲಿ ಅಳೆದದ್ದನ್ನು ನೋಡಿದ್ದು ಎನ್ನಲಾಗದು, ಅದು ಇಣುಕಿದ್ದು.

ಬಾಲಪ್ರತಿಭೆಯನ್ನು ಕೊಂಡಾಡುವವರು ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆಯನ್ನು ಎತ್ತುವುದುಂಟು: ಡಂಕಣ ಎಂಬ ಹುಡುಗ ಹಿರಿಯ ಶಿಲ್ಪಿ ಜಕಣಾಚಾರಿಯ ಮೂರ್ತಿಯಲ್ಲಿ ದೋಷ ಹಿಡಿದ, ಕಲ್ಲಿನೊಳಗಿಂದ ಕಪ್ಪೆ ಹೊರಬಂತು, ಆತ ಜಕಣನ ಮಗನೇ ಎಂದು ತಿಳಿಯಿತು. ಐತಿಹ್ಯ ಸೊಗಸಾದದ್ದು. ಆದರೆ 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಶಾಸನಗಳು ಕೊಡುವ ಹೆಸರುಗಳು ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನವು. ಅಲ್ಲಿ ಪವಾಡವಿಲ್ಲ, ತಂದೆಯ ಪಕ್ಕದಲ್ಲಿ ಉಳಿ ಹಿಡಿದು ಕಲಿತ ಮಗನಿದ್ದಾನೆ, ಅವನ ಹೆಸರಿನ ಮದನಿಕೆಗಳಿವೆ. ಇನ್ನೂ ಸ್ಪಷ್ಟ ಉದಾಹರಣೆ ಮಲ್ಲಿತಮ್ಮ. 1196ರ ಅಮೃತಪುರದಲ್ಲಿ ಕೆಲಸ ಆರಂಭಿಸಿದ ಈ ರೂವಾರಿಯ ಹೆಸರು ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯದಲ್ಲಿ, 1246ರ ನುಗ್ಗೇಹಳ್ಳಿಯಲ್ಲಿ, 1258ರ ಸೋಮನಾಥಪುರದಲ್ಲಿ ಕಾಣಿಸುತ್ತದೆ. ಅಮೃತಪುರದ ಹುಡುಗನಿಗೆ ಒಂದರ ಹಿಂದೆ ಒಂದು ಗುಡಿಯ ಕೆಲಸ ಸಿಗುತ್ತ ಹೋದದ್ದರಿಂದಲೇ ಸೋಮನಾಥಪುರ ಸಾಧ್ಯವಾಯಿತು.

ಗಾದೆಗೂ ಒಂದು ಎಲ್ಲೆ ಇದೆ. ತಡವಾಗಿ ಮೊಳೆತ ಕಾಯಿಯನ್ನು ರೈತ ಕಿತ್ತೆಸೆದರೆ ಅವನಿಗೆ ನಷ್ಟವಿಲ್ಲ, ಪಾತಿಯಲ್ಲಿ ಬೇರೆ ಕಾಯಿಗಳಿವೆ. ಮನುಷ್ಯನಿಗೆ ಈ ಲೆಕ್ಕ ಹೊಂದುವುದಿಲ್ಲ. ಇಂಗ್ಲೆಂಡಿನ ಜೇಮಿ ವಾರ್ಡಿಯನ್ನು ಶೆಫೀಲ್ಡ್ ವೆನ್ಸ್‌ಡೇ ಹದಿನಾರರಲ್ಲೇ ಕೈಬಿಟ್ಟಿತ್ತು. ಸಣ್ಣ ಲೀಗ್‌ಗಳಲ್ಲಿ ಆಡಿಕೊಂಡಿದ್ದು, 27ರಲ್ಲಿ ಪ್ರೀಮಿಯರ್ ಲೀಗ್ ತಲುಪಿ, 2019–20ರಲ್ಲಿ, 33ರ ವಯಸ್ಸಿನಲ್ಲಿ, ಅಲ್ಲಿನ ಅತಿ ಹೆಚ್ಚು ಗೋಲುಗಳ ಆಟಗಾರರಾದರು. ಆದ್ದರಿಂದ ಈ ಗಾದೆ ಆಯ್ಕೆಯ ವಿಷಯದಲ್ಲಿ ಅರ್ಧ ಮಾತ್ರ ಸರಿ, ಆರೈಕೆಯ ವಿಷಯದಲ್ಲಿ ಪೂರ್ತಿ ಸರಿ. ‘ನೋಡು’ ಎಂಬ ಕನ್ನಡದ ಮಾತಿಗೆ ‘ನೋಡಿಕೊಳ್ಳು’ ಎಂಬುದು ಒಂದು ಪ್ರತ್ಯಯದಷ್ಟೇ ದೂರ.