ಉಳಿದ ಗಂಟೆಗಳು ಯಾರವು?



ಹಗಲೆಲ್ಲ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದು ಬಂದವರು ರಾತ್ರಿ ಊಟವಾದ ಮೇಲೆ ಮತ್ತೆ ಕಂಪ್ಯೂಟರಿನ ಮುಂದೆ ಕೂರುವುದು ಇಂದು ಎಷ್ಟೋ ಮನೆಗಳಲ್ಲಿ ಕಾಣುವ ನೋಟ. ಬಟ್ಟೆ ಅಂಗಡಿಗೊಂದು ಬಿಲ್ಲಿನ ಪ್ರೋಗ್ರಾಂ, ಶಾಲೆಗೊಂದು ವೆಬ್‌ಸೈಟು, ಹೊರದೇಶದ ಗ್ರಾಹಕನಿಗೊಂದು ಮೊಬೈಲ್ ಆ್ಯಪ್ - ಹೀಗೆ ಸ್ವಂತವಾಗಿ ಕೆಲಸ ಹಿಡಿದು ನಾಲ್ಕು ಕಾಸು ಹೆಚ್ಚಿಗೆ ಸಂಪಾದಿಸುತ್ತಾರೆ. ಮನೆ ಸಾಲದ ಕಂತಿಗೆ, ಮಗುವಿನ ಶಾಲಾ ಶುಲ್ಕಕ್ಕೆ, ಊರಿನಲ್ಲಿರುವ ತಾಯಿಯ ಔಷಧಿಗೆ ಅದು ಆಧಾರವಾಗುತ್ತದೆ. "ಫಾದರ್, ಇದು ತಪ್ಪೇ?" ಎಂದು ಇಂಥವರು ಕೇಳುವುದುಂಟು. ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಪ್ರಶ್ನೆ ಇದಲ್ಲ.

ಉಪವೃತ್ತಿ ತನ್ನಷ್ಟಕ್ಕೆ ತಾನೇ ಪಾಪವಲ್ಲ. ಸಂತ ಪೌಲರು ಕೊರಿಂಥದಲ್ಲಿ ಅಕ್ವಿಲ ಮತ್ತು ಪ್ರಿಸಿಲ್ಲ ದಂಪತಿಯ ಮನೆಯಲ್ಲಿದ್ದು ಗುಡಾರ ಮಾಡುವ ಕಸುಬಿನಿಂದ ಹೊಟ್ಟೆ ಹೊರೆದರೆಂದು ಪ್ರೇಷಿತರ ಕಾರ್ಯಕಲಾಪಗಳ 18ನೆಯ ಅಧ್ಯಾಯದಲ್ಲಿ ಓದುತ್ತೇವೆ. ಶುಭಸಂದೇಶ ಸಾರುವುದೇ ಅವರ ಮುಖ್ಯ ಕಾಯಕ; ಗುಡಾರದ ಕೆಲಸ ಅದಕ್ಕೆ ಆಸರೆ. ಕೈಯಲ್ಲಿರುವ ವಿದ್ಯೆಯಿಂದ ಸಂಸಾರಕ್ಕೆ ನೆರವಾಗುವುದು ಗೌರವದ ಮಾತೇ. ಹಾಗಾದರೆ ತೊಡಕು ಎಲ್ಲಿದೆ?

2022ರಲ್ಲಿ ಈ ವಿಷಯ ಬೆಂಗಳೂರಿನಲ್ಲಿ ದೊಡ್ಡ ಚರ್ಚೆಯಾಯಿತು. ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ಕೆಲಸದಿಂದ ತೆಗೆದಿರುವುದಾಗಿ ವಿಪ್ರೋ ಸೆಪ್ಟೆಂಬರಿನಲ್ಲಿ ತಿಳಿಸಿತು. ಅದರ ಮುಖ್ಯಸ್ಥರು ಇದನ್ನು ನೇರವಾಗಿ ಮೋಸವೆಂದೇ ಕರೆದಿದ್ದರು. ಮರುತಿಂಗಳು ಇನ್ಫೋಸಿಸ್, ಮೇಲಧಿಕಾರಿಗಳ ಪೂರ್ವಾನುಮತಿ ಪಡೆದು, ಸ್ವಂತ ಸಮಯದಲ್ಲಿ, ತನ್ನ ವ್ಯವಹಾರಕ್ಕೆ ಪೈಪೋಟಿಯಾಗದ ಹೊರಗಿನ ಕೆಲಸ ಮಾಡಬಹುದೆಂದು ನೌಕರರಿಗೆ ತಿಳಿಸಿತು. ಈ ಎರಡು ನಡೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನೀತಿಯ ಗೆರೆ ಎಲ್ಲಿದೆ ಎಂಬುದು ತಿಳಿಯುತ್ತದೆ. ಗುಟ್ಟಾಗಿ ಮಾಡುವ ದುಡಿಮೆ ಬೇರೆ, ಹೇಳಿ ಕೇಳಿ ಮಾಡುವ ದುಡಿಮೆ ಬೇರೆ.

ಸಂಬಳವೆಂದರೆ ಒಂದು ಒಪ್ಪಂದ. 13ನೆಯ ಲಿಯೋ ಪೋಪರು 1891ರಲ್ಲಿ ಹೊರಡಿಸಿದ 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿ ಕಾರ್ಮಿಕರ ಹಕ್ಕುಗಳನ್ನು ಎತ್ತಿ ಹಿಡಿದರು. ಅದರಲ್ಲಿಯೇ, ಸ್ವತಂತ್ರವಾಗಿ ಮತ್ತು ನ್ಯಾಯವಾಗಿ ಒಪ್ಪಿಕೊಂಡ ಕೆಲಸವನ್ನು ಪ್ರಾಮಾಣಿಕವಾಗಿ ಪೂರೈಸುವುದು ಕಾರ್ಮಿಕನ ಕರ್ತವ್ಯವೆಂದೂ ಹೇಳಿದರು. 1992ರ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಏಳನೆಯ ಕಟ್ಟಳೆಯನ್ನು ವಿವರಿಸುವಾಗ ಸಂಸ್ಥೆಯ ಸೊತ್ತನ್ನು ಸ್ವಂತಕ್ಕೆ ಬಳಸುವುದು, ಕೆಲಸವನ್ನು ಕೆಟ್ಟದಾಗಿ ಮಾಡುವುದು, ತೆರಿಗೆ ತಪ್ಪಿಸುವುದು - ಈ ಮೂರನ್ನೂ ನೀತಿಬಾಹಿರವೆಂದು ಎಣಿಸುತ್ತದೆ. ಅಂದರೆ ಕಚೇರಿಯ ಸಮಯದಲ್ಲಿ, ಕಚೇರಿಯ ಲ್ಯಾಪ್‌ಟಾಪಿನಲ್ಲಿ ಕದ್ದುಮುಚ್ಚಿ ಹೊರಗಿನ ಕೆಲಸ ಮಾಡುವುದು, ರಾತ್ರಿ ನಿದ್ದೆಗೆಟ್ಟು ಹಗಲು ಕೆಲಸದಲ್ಲಿ ತೂಕಡಿಸುವುದು, ಬಂದ ಹಣವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ತೋರಿಸದಿರುವುದು ಕೇವಲ ಜಾಣತನದ ಮಾತಲ್ಲ; ಅದು ಬೇರೆಯವರ ಪಾಲಿಗೆ ಕೈಹಾಕಿದಂತೆ.

ಸಾಫ್ಟ್‌ವೇರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಡಗಿ ಕದ್ದ ಮರ ಕಣ್ಣಿಗೆ ಕಾಣುತ್ತದೆ, ನಕಲು ಮಾಡಿದ ಕೋಡ್ ಕಾಣುವುದಿಲ್ಲ. "ಬರೆದವನು ನಾನೇ ತಾನೆ?" ಎನ್ನಬಹುದು. ಆದರೆ ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿಯ ಭಾಗವಾಗಿ ಬರೆದದ್ದರ ಮೊದಲ ಹಕ್ಕುದಾರ ಮಾಲೀಕನೇ ಎನ್ನುತ್ತದೆ 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆ. ಕಲಿತ ವಿದ್ಯೆ ನಿಮ್ಮದು. ಕಂಪನಿಗಾಗಿ ಬರೆದ ಕೋಡ್ ನಿಮ್ಮದಲ್ಲ.

ಈ ವಿಷಯದಲ್ಲಿ ಸ್ಟೀವ್ ವೋಜ್ನಿಯಾಕ್ ನಡೆದುಕೊಂಡ ರೀತಿ ನೆನೆಯುವಂಥದು. ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ನೌಕರರಾಗಿದ್ದ ಅವರು ಬಿಡುವಿನ ವೇಳೆಯಲ್ಲಿ ಒಂದು ಪುಟ್ಟ ಕಂಪ್ಯೂಟರನ್ನು ರೂಪಿಸಿದರು. ಅದನ್ನು ಮಾರಾಟಕ್ಕಿಡುವ ಮೊದಲು ತಮ್ಮ ಕಂಪನಿಗೆ ತೋರಿಸಿ, ನಿಮಗೆ ಬೇಕೇ ಎಂದು ಕೇಳಿದರು. ಕಂಪನಿ ಬೇಡವೆಂದಿತು. 1976ರಲ್ಲಿ ಅದೇ ಕಂಪ್ಯೂಟರಿನಿಂದ ಆ್ಯಪಲ್ ಸಂಸ್ಥೆ ಆರಂಭವಾಯಿತು. ಮೊದಲು ಹೇಳಿದ್ದರಿಂದ ಅವರಿಗೆ ನಷ್ಟವಾಗಲಿಲ್ಲ. ಅಂಜದೆ ಮುಂದೆ ಹೋಗುವ ಸ್ವಾತಂತ್ರ್ಯ ಸಿಕ್ಕಿತು.

ಹಾಗೆಂದು ನೌಕರನ ಇಪ್ಪತ್ತನಾಲ್ಕು ಗಂಟೆಯೂ ಕಂಪನಿಯದೆಂದು ತಿಳಿಯಬಾರದು. ಸಂಬಳ ಕೊಟ್ಟವರು ಮನುಷ್ಯನ ದುಡಿಮೆಯನ್ನು ಪಡೆಯುತ್ತಾರೆಯೇ ಹೊರತು ಮನುಷ್ಯನನ್ನಲ್ಲ. ನಡುರಾತ್ರಿ ಫೋನ್ ಮಾಡಿ ಕೆಲಸ ಹೇಳುವ, ರಜೆಯಲ್ಲಿಯೂ ನೆಮ್ಮದಿ ಕೊಡದ ಸಂಸ್ಥೆ ನೌಕರನ ಬಿಡುವಿನ ಸಮಯವನ್ನು ಪ್ರಶ್ನಿಸುವ ಮೊದಲು ತನ್ನನ್ನು ತಾನು ಕೇಳಿಕೊಳ್ಳಬೇಕು. ಕೆಲಸವಿರುವುದು ಮನುಷ್ಯನಿಗಾಗಿ, ಮನುಷ್ಯನಿರುವುದು ಕೆಲಸಕ್ಕಾಗಿ ಅಲ್ಲ ಎಂಬುದು 2ನೆಯ ಜಾನ್ ಪೌಲ್ ಪೋಪರು 1981ರ 'ಲಾಬೊರೆಮ್ ಎಕ್ಸೆರ್ಚೆನ್ಸ್' ವಿಶ್ವಪತ್ರದಲ್ಲಿ ನೀಡಿದ ಬೋಧನೆಯ ತಿರುಳು.

ಆದರೆ ಅದೇ ಬೋಧನೆ ನಮ್ಮ ಕಡೆಗೂ ತಿರುಗುತ್ತದೆ. ಕಂಪನಿಯಿಂದ ಉಳಿಸಿಕೊಂಡ ಗಂಟೆಗಳೆಲ್ಲ ನಮ್ಮೊಬ್ಬರವೇ ಏನು? ಮದುವೆಯಾದವರ ಸಂಜೆಯಲ್ಲಿ ಮಡದಿಗೆ ಅಥವಾ ಗಂಡನಿಗೆ ಪಾಲಿದೆ, ಮಕ್ಕಳಿಗೆ ಪಾಲಿದೆ, ಮುಪ್ಪಿನ ತಂದೆತಾಯಿಗೆ ಪಾಲಿದೆ. ಹೊರಗಿನ ಸಾಫ್ಟ್‌ವೇರ್ ಕೆಲಸ ಒಪ್ಪಿಸಿದ ದಿನವೇ ಮುಗಿಯುವುದೂ ಇಲ್ಲ. ದೋಷ ಕಂಡಾಗ ಗ್ರಾಹಕ ಕರೆಯುತ್ತಾನೆ. ಅವನ ಹಗಲು ನಮ್ಮ ನಡುರಾತ್ರಿಯಾಗಿರಬಹುದು. ಎರಡು ತಿಂಗಳೆಂದು ಹಿಡಿದದ್ದು ವರ್ಷವಿಡೀ ಬೆಳೆಯುತ್ತದೆ. ಮಗಳ ಶುಲ್ಕಕ್ಕೆಂದು ದುಡಿಯುವ ತಂದೆಗೆ ಮಗಳು ಯಾವ ಪಾಠ ಓದುತ್ತಿದ್ದಾಳೆಂದು ಕೇಳುವುದಕ್ಕೇ ಬಿಡುವಿಲ್ಲದಿದ್ದರೆ ಆ ಹಣ ಯಾರಿಗಾಗಿ? ಕೊಟ್ಟ ಮಾತಿಗೆ ತಪ್ಪಿದರೆ ಗ್ರಾಹಕನಿಗೂ ಅನ್ಯಾಯ. ಆದ್ದರಿಂದ ಎಷ್ಟು ಗಂಟೆ ಕೊಡಬಲ್ಲೆವೋ ಅಷ್ಟನ್ನೇ ಒಪ್ಪಿಕೊಳ್ಳಬೇಕು; ದೋಷ ತಿದ್ದುವ ಹೊಣೆ ಎಂದಿನವರೆಗೆ ಎಂಬುದನ್ನು ಮೊದಲೇ ಬರೆದುಕೊಳ್ಳಬೇಕು.

ಇನ್ನು ಭಾನುವಾರ. ಪೌಲರು ಕೊರಿಂಥದಲ್ಲಿ ಸಬ್ಬತ್ ದಿನಗಳಂದು ಪ್ರಾರ್ಥನಾಮಂದಿರದಲ್ಲಿರುತ್ತಿದ್ದರು. ಆಸ್ಪತ್ರೆಯ ದಾದಿಗೆ, ಬಸ್ಸಿನ ಚಾಲಕನಿಗೆ ಭಾನುವಾರ ಕೆಲಸ ಅನಿವಾರ್ಯವಾಗಬಹುದು. ಧರ್ಮಸಭೆ ಅದನ್ನು ಬಲ್ಲದು. ಆದರೆ ನಾವೇ ಇಷ್ಟಪಟ್ಟು ಹಿಡಿದ ಕೆಲಸಕ್ಕೆ ಪ್ರತಿ ಭಾನುವಾರವನ್ನೂ ಒತ್ತೆಯಿಡುವುದು ಅನಿವಾರ್ಯತೆಯಲ್ಲ, ಆಯ್ಕೆ. ದೇವರಿಗೆ ಸಲ್ಲಬೇಕಾದ ದಿನವನ್ನು ಕೊಟ್ಟು ತಂದ ಹಣದಿಂದ ಮನೆಗೆ ನೆಮ್ಮದಿ ಬರುವುದು ಕಷ್ಟ.

ಹೊಸ ಕೆಲಸವೊಂದಕ್ಕೆ ಒಪ್ಪಿಗೆ ಕೊಡುವ ಮುನ್ನ ಗಂಡಹೆಂಡಿರು ಜೊತೆಯಾಗಿ ಕೂತು ಮಾತನಾಡಿ. ನೌಕರಿಯ ಕರಾರುಪತ್ರವನ್ನು ತೆಗೆದು ಓದಿ. ಅನುಮತಿ ಬೇಕಿದ್ದರೆ ಬರವಣಿಗೆಯಲ್ಲಿ ಕೇಳಿ. ಈ ಹಣ ಯಾವ ಅಗತ್ಯಕ್ಕೆ, ಎಷ್ಟು ಸಾಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಇಬ್ಬರೂ ಸೇರಿ ಗೊತ್ತುಮಾಡಿಕೊಳ್ಳಿ. ಸಾಲ ತೀರಿದ ಮೇಲೂ ದುಡಿಮೆ ನಿಲ್ಲದಿದ್ದರೆ ಅಗತ್ಯದ ಜಾಗದಲ್ಲಿ ಆಸೆ ಬಂದು ಕೂತಿದೆಯೇ ಎಂದು ಪರಸ್ಪರ ಕೇಳಿಕೊಳ್ಳಿ. ಮೇಲಧಿಕಾರಿಗೂ ಮನೆಯವರಿಗೂ ದೇವರಿಗೂ ಅಂಜಿಕೆಯಿಲ್ಲದೆ ತಿಳಿಸಬಲ್ಲ ದುಡಿಮೆಯಾದರೆ ಧೈರ್ಯದಿಂದ ಮಾಡಿ. ಕೈಕೆಲಸದಿಂದ ನಜರೇತಿನ ಕುಟುಂಬವನ್ನು ಸಲಹಿದ ಸಂತ ಜೋಸೆಫರು ನಿಮಗಾಗಿ ಪ್ರಾರ್ಥಿಸಲಿ.