ನನ್ನ ತೆರಿಗೆ, ಯಾದಗಿರಿಯ ಪಾಲು

2024ರ ಫೆಬ್ರವರಿಯಲ್ಲಿ ರಾಜ್ಯದ ಮುಖ್ಯಮಂತ್ರಿ, ಮಂತ್ರಿಗಳೆಲ್ಲ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಾಗ ‘ನನ್ನ ತೆರಿಗೆ ನನ್ನ ಹಕ್ಕು’ ಅನ್ನೋ ಘೋಷಣೆ ಎಲ್ಲರ ಬಾಯಲ್ಲೂ ಇತ್ತು. ಸಂಬಳ ಕೈಗೆ ಬರುವ ಮೊದಲೇ ಟಿಡಿಎಸ್ ಕಳೆದುಕೊಳ್ಳುವ ನಮ್ಮಂಥವರಿಗೆ ಆ ನಾಲ್ಕು ಪದ ಸೀದಾ ಎದೆಗೆ ನಾಟುತ್ತೆ. ಆದರೆ ಆ ನಾಲ್ಕರಲ್ಲಿ ಎರಡು ಸಲ ಬರುವ ‘ನನ್ನ’ ಅಂದ್ರೆ ಯಾರು? ಈ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಮೊದಲು ಲೆಕ್ಕ ನೋಡೋಣ. ಕೇಂದ್ರದ ತೆರಿಗೆಯಲ್ಲಿ ಹಂಚಿಕೆಗೆ ಬರುವ ಮೊತ್ತದ ಶೇ. 41ರಷ್ಟನ್ನು ರಾಜ್ಯಗಳಿಗೆ ಕೊಡಬೇಕು ಅಂತ 15ನೇ ಹಣಕಾಸು ಆಯೋಗ ಹೇಳಿತು. ಅದರಲ್ಲಿ ಕರ್ನಾಟಕದ ಪಾಲು ಶೇ. 3.647. ಹಿಂದಿನ ಆಯೋಗ ಕೊಟ್ಟಿದ್ದು ಶೇ. 4.713. ಅಂದರೆ ಐದರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಖೋತಾ. ಬಿಹಾರಕ್ಕೆ ಸಿಕ್ಕಿದ್ದು ಶೇ. 10.058. ಜೊತೆಗೆ ಸೆಸ್, ಸರ್‌ಚಾರ್ಜ್ ಹೆಸರಿನಲ್ಲಿ ಕೇಂದ್ರ ಎತ್ತುವ ದುಡ್ಡು ಈ ಹಂಚಿಕೆಯ ಒಳಗೇ ಬರುವುದಿಲ್ಲ. ನಮ್ಮ ಸಿಟ್ಟಿಗೆ ಕಾರಣ ಇದೆ, ಅದನ್ನು ಯಾರೂ ಅಲ್ಲಗಳೆಯಬೇಕಿಲ್ಲ.

ಆದರೆ ಬೆಂಗಳೂರಿನಲ್ಲಿ ಕಟ್ಟಿದ ತೆರಿಗೆಯೆಲ್ಲ ಬೆಂಗಳೂರಿನದೇನಾ? ಇಲ್ಲಿ ಮುಖ್ಯ ಕಚೇರಿ ಇರೋ ಕಂಪನಿಯ ಗ್ರಾಹಕರು ಪಾಟ್ನಾದಲ್ಲೂ ಇದ್ದಾರೆ, ಕಾನ್ಪುರದಲ್ಲೂ ಇದ್ದಾರೆ. ಅವರಿಂದ ಬಂದ ಲಾಭದ ಮೇಲಿನ ಕಾರ್ಪೊರೇಟ್ ತೆರಿಗೆ ಮಾತ್ರ ನಮ್ಮ ಲೆಕ್ಕಕ್ಕೆ ಜಮಾ. ನಮ್ಮ ಪಕ್ಕದ ಸೀಟಿನಲ್ಲಿ ಕೂತು ಕೋಡ್ ಬರೆಯೋ ಬಿಹಾರದ ಹುಡುಗನ ಶಾಲೆ, ಲಸಿಕೆ, ಪರೀಕ್ಷೆಯ ಖರ್ಚನ್ನು ಅವನ ರಾಜ್ಯ, ಅವನ ಮನೆಯವರು ಹೊತ್ತರು. ದುಡಿಯೋ ವಯಸ್ಸಿಗೆ ಬಂದಾಗ ಅವನು ನಮಗೆ ಸಿಕ್ಕ. ಆ ಸಾಲವನ್ನು ಯಾವ ಬಜೆಟ್ಟಿನಲ್ಲೂ ಬರೆದಿರೋದಿಲ್ಲ.

ಇನ್ನೂ ಹಳೆಯ ಲೆಕ್ಕವೊಂದಿದೆ. 1950ರ ದಶಕದಿಂದ 90ರ ದಶಕದ ಆರಂಭದವರೆಗೆ ಉಕ್ಕು, ಕಲ್ಲಿದ್ದಲಿನಂಥ ಸರಕುಗಳ ಸಾಗಣೆ ವೆಚ್ಚವನ್ನು ಕೇಂದ್ರವೇ ಸರಿದೂಗಿಸುತ್ತಿತ್ತು. ಗಣಿಯ ಪಕ್ಕದಲ್ಲಿದ್ದವರಿಗೂ ಸಾವಿರ ಮೈಲಿ ದೂರದವರಿಗೂ ಹೆಚ್ಚುಕಡಿಮೆ ಒಂದೇ ಬೆಲೆ. ಹಾಗಿದ್ದ ಮೇಲೆ ಕಾರ್ಖಾನೆ ಹಾಕೋರು ಅವತ್ತಿನ ಬಿಹಾರಕ್ಕೆ ಯಾಕೆ ಹೋಗ್ತಾರೆ? ಗಣಿ ಅವರ ನೆಲದಲ್ಲೇ ಉಳಿಯಿತು, ಕಾರ್ಖಾನೆಗಳು ಪಶ್ಚಿಮಕ್ಕೆ, ದಕ್ಷಿಣಕ್ಕೆ ಬಂದವು. ಬಿಹಾರ ಹಿಂದುಳಿಯಲು ಇದೊಂದೇ ಕಾರಣ ಅಲ್ಲ, ಅಲ್ಲಿನ ಆಡಳಿತದ ಪಾಲೂ ಇದೆ. ಆದರೂ ‘ಅವರು ನಮ್ಮ ದುಡ್ಡು ತಿಂತಾರೆ’ ಅನ್ನೋ ಮುನ್ನ ಇದನ್ನೂ ನೆನಪಿಡಬೇಕು.

‘ಬೆಳೆದವರನ್ನು ಶಿಕ್ಷಿಸಿದರೆ ಯಾರು ಬೆಳೀತಾರೆ?’ ಅಂತ ಕೆಲವರು ಕೇಳ್ತಾರೆ. ಈ ವಾದದಲ್ಲಿ ಅರ್ಧ ಸತ್ಯ ಇದೆ. ಸ್ಲ್ಯಾಬ್ ಮೇಲಕ್ಕೆ ಹೋಗುತ್ತೆ ಅಂತ ಯಾರೂ ಹೈಕ್ ಬೇಡ ಅನ್ನಲ್ಲ. ಪಾಲು ಇಳಿಯುತ್ತೆ ಅಂತ ಯಾವ ರಾಜ್ಯವೂ ಬೆಳೆಯೋದನ್ನು ನಿಲ್ಲಿಸೋದಿಲ್ಲ. ಆದರೆ ಮೆಟ್ರೋಗೆ, ನೀರಿಗೆ, ರಸ್ತೆಗೆ ದುಡ್ಡಿಲ್ಲದೆ ಬೆಂಗಳೂರು ಕುಂಟಿದರೆ ಹಂಚೋಕೆ ಇರೋ ದುಡ್ಡೇ ಸೊರಗುತ್ತೆ. ಹಾಲು ಹಂಚಬೇಕು ನಿಜ, ಹಸುವಿಗೆ ಮೇವೂ ಹಾಕಬೇಕು. ಪಡೆದವರೂ ಅದನ್ನು ಸಂಬಳ, ಪಿಂಚಣಿ, ಬಡ್ಡಿಗೇ ಮುಗಿಸಿದರೆ ಹಣ ಹರಿದೀತು, ಬೆಳವಣಿಗೆ ಹುಟ್ಟೋದಿಲ್ಲ.

ನನ್ನನ್ನು ನಿಜಕ್ಕೂ ಕಲಕಿದ್ದು ಮಾತ್ರ ಬೇರೆ ವಿಷಯ. 15ನೇ ಆಯೋಗದ ಸೂತ್ರದಲ್ಲಿ ಶೇ. 45ರಷ್ಟು ತೂಕ ಇದ್ದದ್ದು ಒಂದೇ ಅಂಶಕ್ಕೆ: ಮುಂದಿರುವ ರಾಜ್ಯಕ್ಕಿಂತ ನಿಮ್ಮ ರಾಜ್ಯದ ತಲಾ ಆದಾಯ ಎಷ್ಟು ಹಿಂದಿದೆ ಅನ್ನೋದಕ್ಕೆ. ಇದು ರಾಜ್ಯದ ಸರಾಸರಿ. ನಮ್ಮ ಸರಾಸರಿಯನ್ನು ಎತ್ತಿ ಹಿಡಿದಿರೋದು ಬೆಂಗಳೂರು. ನಮ್ಮ ಸಂಬಳ ಸೇರಿದ್ದಕ್ಕೇ ಕಾಗದದ ಮೇಲೆ ಕರ್ನಾಟಕ ಶ್ರೀಮಂತ, ಅದಕ್ಕೇ ಪಾಲು ಕಮ್ಮಿ. ಆ ಕೊರತೆಯ ಬಿಸಿ ತಟ್ಟೋದು ಯಾರಿಗೆ? ಇಂದಿರಾನಗರದವರಿಗೆ ಆಸ್ಪತ್ರೆ, ಶಾಲೆ ಎರಡೂ ಖಾಸಗಿ. ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರ ಹುದ್ದೆ ಖಾಲಿ ಉಳಿದರೆ ಕಳೆದುಕೊಳ್ಳೋದು ಯಾದಗಿರಿಯ ಮಗು. ನಮ್ಮ ಸಿರಿವಂತಿಕೆಯ ದಂಡ ಆ ಮಗುವಿನ ತಲೆ ಮೇಲೆ.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿದ್ದವು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದವು. ಆಮೇಲೆ 371(ಜೆ) ಬಂತು, ಪ್ರತ್ಯೇಕ ಮಂಡಳಿ ಬಂತು, ಅನುದಾನವೂ ಬಂತು. ಆದರೂ ಯಾದಗಿರಿಯ ಜನ ಇವತ್ತಿಗೂ ಬೆಂಗಳೂರಿಗೆ ಗುಳೆ ಬಂದು ನಾವು ಇಎಂಐ ಕಟ್ಟೋ ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ ಹೊರ್ತಾರೆ.

‘ನನ್ನ ತೆರಿಗೆ ನನ್ನ ಹಕ್ಕು’ ಅಂತ ಕರ್ನಾಟಕ ದೆಹಲಿಗೆ ಹೇಳಬಹುದಾದರೆ, ನಾಳೆ ಬೆಂಗಳೂರು ಅದನ್ನೇ ಯಾದಗಿರಿಗೆ ಹೇಳಬಹುದು. ನಾಡಿದ್ದು ಕೋರಮಂಗಲ ಅದನ್ನೇ ಬೆಂಗಳೂರಿಗೆ ಹೇಳಬಹುದು. ಆ ಮಾತಿಗೆ ಕೊನೆ ಇಲ್ಲ, ಕೊನೆಗೆ ಉಳಿಯೋದು ಗೇಟು ಹಾಕಿದ ಒಂದು ಲೇಔಟ್ ಅಷ್ಟೇ. ದೆಹಲಿಯಲ್ಲಿ ನ್ಯಾಯ ಕೇಳೋದನ್ನು ಬಿಡಬೇಕು ಅಂತ ನಾನು ಹೇಳ್ತಿಲ್ಲ, ಜೋರಾಗೇ ಕೇಳೋಣ. ಆದರೆ ‘ನನ್ನ ತೆರಿಗೆ’ ಅನ್ನೋದಕ್ಕಿಂತ ‘ಯಾದಗಿರಿಯ ಪಾಲು ಎಲ್ಲಿ?’ ಅಂತ ಕೇಳೋದು ಹೆಚ್ಚು ಗಟ್ಟಿಯಾದ ವಾದ. ಅದನ್ನು ದೆಹಲಿಗೆ ಕೇಳಿದ ಬಾಯಲ್ಲೇ ವಿಧಾನಸೌಧಕ್ಕೂ ಕೇಳಬೇಕಾಗುತ್ತೆ. ನಮ್ಮ ಹಕ್ಕಿಗೆ ತೂಕ ಬರೋದು ಆಗಲೇ.